ಒಂದೇ ಕೂಗಿಗೆ ಓಗೊಡಬಾರದು

ನನ್ನ ಕೆಲಸ ಏನೆಂದು ಕೇಳಿದವರಿಗೆ ಸರಿಯಾಗಿ ಹೇಳಲು ನಾನು ಇವತ್ತಿಗೂ ಕಲಿತಿಲ್ಲ. ಕುಮಟಾದ ಮೀನು ಮಾರ್ಕೆಟ್ಟಿನ ಬೆನ್ನಿಗಿರುವ ಕಟ್ಟಡದ ಮಹಡಿಯಲ್ಲಿ ಕೂತು, ಭಟ್ಕಳದವರೆಗಿನ ಅಂಗಡಿ, ಸೊಸೈಟಿ, ಐಸ್ ಫ್ಯಾಕ್ಟರಿಗಳ ಕಂಪ್ಯೂಟರುಗಳನ್ನು ಕುರ್ಚಿ ಬಿಟ್ಟು ಏಳದೆ ನೋಡಿಕೊಳ್ಳುತ್ತೇನೆ. ಎಲ್ಲೋ ಒಂದು ಬೀಗ ಹಾಕಿದ ಕೋಣೆಯಲ್ಲಿ ಯಂತ್ರ ಇರುತ್ತದೆ. ನಾನು ಇಲ್ಲಿಂದಲೇ ಅದರೊಳಗೆ ಹೋಗಿ, ಕೆಟ್ಟದ್ದನ್ನು ಸರಿಮಾಡಿ, ಸದ್ದಿಲ್ಲದೆ ಹೊರಗೆ ಬರುತ್ತೇನೆ. ಇದನ್ನು ಕೇಳಿದ ಅಮ್ಮ, "ಕಳ್ಳರೂ ಅದನ್ನೇ ಅಲ್ವನೆ ಮಾಡೂದು?" ಎಂದಿದ್ದಳು. ಅಮ್ಮನ ಜೊತೆ ವಾದ ಮಾಡಿ ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಹೀಗೆ ದೂರದಿಂದ ಒಳಹೋಗುವುದಕ್ಕೆ ಎಸ್ಎಸ್ಎಚ್ ಎನ್ನುತ್ತಾರೆ. ಪ್ರತಿ ಯಂತ್ರಕ್ಕೂ ಸಾವಿರಾರು ಬಾಗಿಲು, ಒಂದೊಂದು ಬಾಗಿಲಿಗೂ ಒಂದು ಸಂಖ್ಯೆ. ಬಾಗಿಲು ಎನ್ನುವುದು ನನ್ನ ಮಾತು, ಕಸುಬಿನಲ್ಲಿ ಅದಕ್ಕೆ ಪೋರ್ಟ್ ಎಂದೇ ಹೆಸರು. ನನ್ನಂಥವರು ಒಳಹೋಗಲೆಂದು ಮೊದಲಿನಿಂದ ಇಟ್ಟದ್ದು ಇಪ್ಪತ್ತೆರಡನೆಯ ಬಾಗಿಲು. ಒಮ್ಮೆ ಬಸ್ಸಿನಲ್ಲಿ ಕೂತು ಫೋನಿನಲ್ಲಿ, "ಪೋರ್ಟ್ ಬಂದ್ ಆಗಿದೆ, ಏನೂ ಒಳಗೆ ಹೋಗ್ತಾ ಇಲ್ಲ" ಎಂದು ಕೂಗಿಬಿಟ್ಟೆ. ಮುಂದಿನ ಸೀಟಿನಲ್ಲಿ ಕಾಲಬುಡಕ್ಕೆ ಮೀನಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು ಗಾಬರಿಯಿಂದ ತಿರುಗಿ, "ಯಾವ ಬಂದರು ಬಂದ್ ಆತೆ?" ಎಂದು ಕೇಳಿದಳು. ಹಳದೀಪುರ ದಾಟುವಷ್ಟರಲ್ಲಿ ಹೊನ್ನಾವರದ ಬಂದರು ಮುಚ್ಚಿದ ಸುದ್ದಿ ಇಡೀ ಬಸ್ಸಿಗೆ ಹಬ್ಬಿತ್ತು. ನಾನು ತಲೆ ತಗ್ಗಿಸಿ ಇಳಿದು ಹೋದೆ.

ಬಾಗಿಲು ತೆರೆಯದೆ ಇರುವುದರಲ್ಲಿ ಎರಡು ಜಾತಿ. ಒಂದು, ತಟ್ಟಿದ ಕೂಡಲೇ 'ಇಲ್ಲ, ಹೋಗು' ಎಂಬ ಉತ್ತರ ಬರುವುದು. ಮುಖಕ್ಕೆ ಹೊಡೆದ ಹಾಗಾದರೂ ಅದರಲ್ಲಿ ಒಂದು ಸಮಾಧಾನ ಇದೆ, ಒಳಗೆ ಜನ ಇದ್ದಾರೆ ಎಂದಾಯಿತು. ಇನ್ನೊಂದರಲ್ಲಿ ಎಷ್ಟು ತಟ್ಟಿದರೂ ಉತ್ತರವೇ ಬರುವುದಿಲ್ಲ. ಪರದೆಯ ಮೇಲೆ ಗೆರೆ ಮಿನುಗುತ್ತಲೇ ಇರುತ್ತದೆ. ಕೊನೆಗೆ ನನ್ನದೇ ಕಂಪ್ಯೂಟರ್ ಕಾದು ಸುಸ್ತಾಗಿ ಸೋತೆ ಎನ್ನುತ್ತದೆ. ಯಂತ್ರವೇ ಸತ್ತಿದೆಯೋ, ದಾರಿಯಲ್ಲಿ ಯಾರೋ ನಿಂತು ನನ್ನ ಕೂಗನ್ನು ನುಂಗುತ್ತಿದ್ದಾರೋ, ಅಥವಾ ಒಳಗಿದ್ದವರು ಉಸಿರು ಬಿಗಿಹಿಡಿದು ಕೂತಿದ್ದಾರೋ ಗೊತ್ತಾಗುವುದಿಲ್ಲ. ನಾನು ಮೊದಲಿನಿಂದಲೂ ಹೆದರುವುದು ಈ ಎರಡನೆಯದಕ್ಕೆ.

ನಮ್ಮ ಮನೆಯಲ್ಲೂ ಉತ್ತರ ಕೊಡದೆ ಇರುವ ಒಂದು ಪದ್ಧತಿ ಇತ್ತು. ಹೊತ್ತು ಮುಳುಗುವಾಗ ಹೊರಗಿನಿಂದ ಯಾರಾದರೂ ಕರೆದರೆ ಒಂದೇ ಕೂಗಿಗೆ ಓಗೊಡಬಾರದು. ಮನುಷ್ಯರಾದರೆ ಮತ್ತೊಮ್ಮೆ ಕರೆಯುತ್ತಾರೆ. ಮನುಷ್ಯರಲ್ಲದ್ದು ಒಂದೇ ಸಲ ಕರೆಯುತ್ತದೆ, ಅದೂ ಗುರುತಿನವರ ದನಿಯಲ್ಲಿ. ಅದಕ್ಕೆ ಓ ಅಂದವರು ಅದರ ಬೆನ್ನಿಗೇ ಹೋಗುತ್ತಾರೆ. ನಮ್ಮದು ಕಡಲಿಗೆ ಹೋಗುವವರ ಮನೆ, ಅಂಗಳದ ಆಚೆ ನೀರು. ಸಂಜೆಯ ಹೊತ್ತಿನಲ್ಲಿ ಅಜ್ಜಿ, ಅಮ್ಮ, ಸೋದರಮಾವ ಎಲ್ಲರೂ ಮೊದಲ ಕೂಗಿಗೆ ಕಿವುಡರು. ನಾನು ಬೇಕೆಂದೇ ಹೊರಗಿನಿಂದ ಒಮ್ಮೆ ಮಾತ್ರ ಕರೆದು ಅಡಗಿ ಕೂತು ಮಜಾ ನೋಡುತ್ತಿದ್ದೆ. ಓದಿ ಕೆಲಸ ಹಿಡಿದ ಮೇಲೆ ನನ್ನ ಗೇಲಿ ಇನ್ನೂ ಜಾಸ್ತಿಯಾಯಿತು. "ದೆವ್ವಕ್ಕೆ ಎರಡು ಸಲ ಕರೆಯೂಕೆ ಉಸಿರು ಸಾಲೂದಿಲ್ವ?" ಎಂದು ಕೇಳುತ್ತಿದ್ದೆ. ಮಾವ ನಗುತ್ತಿದ್ದ, ಆದರೆ ಓಗೊಡುತ್ತಿರಲಿಲ್ಲ.

ಈ ಮಾವ ಒಂದು ಕಾಲದಲ್ಲಿ ದೊಡ್ಡ ದೋಣಿಯ ತಾಂಡೇಲ, ಅಂದರೆ ದೋಣಿ ನಡೆಸುವವ. ಮಂಡಿ ಕೈಕೊಟ್ಟ ಮೇಲೆ ಹೊನ್ನಾವರದಲ್ಲಿ ದೋಣಿ ಕಟ್ಟುವ ದಕ್ಕೆಯ ಹತ್ತಿರದ ವಾಯರ್ಲೆಸ್ ಕೋಣೆಯಲ್ಲಿ ಕೂತ. ಆ ಕೋಣೆ ಮೀನುಗಾರರು ಸೇರಿ ಮಾಡಿಕೊಂಡದ್ದು. ಅಲ್ಲಿಯ ಅಳಿವೆಯ ಬಾಯಿ ಬಲು ಕೆಟ್ಟದ್ದು. ನದಿ ಕಡಲಿಗೆ ಸೇರುವಲ್ಲಿ ಮರಳಿನ ದಿಬ್ಬ ಇವತ್ತು ಇದ್ದ ಕಡೆ ನಾಳೆ ಇರುವುದಿಲ್ಲ. ತಿರುಗಿ ಬರುವ ದೋಣಿಯವರು ಕೈಸೆಟ್ಟಿನಲ್ಲಿ "ಮಾವಾ" ಎಂದು ಕರೆಯುತ್ತಿದ್ದರು, ಮಾವ ಒಳಗೆ ಬರುವ ದಾರಿ ಹೇಳುತ್ತಿದ್ದ. ಸಂಬಂಧಿಕರಲ್ಲದವರಿಗೂ ಅವನು ಮಾವನೇ. ಇಡೀ ದಂಡೆಗೆ ಅವನೊಬ್ಬನೇ ಮಾವ.

ಆ ಕೋಣೆಗೆ ಒಂದು ಸಣ್ಣ ಕಂಪ್ಯೂಟರ್ ಪೆಟ್ಟಿಗೆ ಹಾಕಿಕೊಟ್ಟವಳು ನಾನು. ಯಾರು ಯಾರ ಬಲೆಯ ಮೇಲೆ ದೋಣಿ ಹಾಯಿಸಿದರು, ಯಾರು ಮೊದಲು ಬೈದರು ಎಂದು ದಿನಾ ಜಗಳ. ಅದಕ್ಕಾಗಿ ವಾಯರ್ಲೆಸ್ಸಿನಲ್ಲಿ ಆಡಿದ್ದೆಲ್ಲ ಅದರಲ್ಲಿ ದಾಖಲಾಗುವ ಹಾಗೆ ಮಾಡಿದ್ದೆ. ಅದರಲ್ಲಿ ಜಾಗ ಕಡಿಮೆ. ಹೊಸ ಮಾತು ಬಂದ ಹಾಗೆ ಹಳೆಯ ಮಾತು ಅಳಿಯುತ್ತ ಹೋಗುತ್ತದೆ. ಬೈಗುಳ ಹೆಚ್ಚಾದ ವಾರದಲ್ಲಿ ಬೇಗ ಅಳಿಯುತ್ತದೆ, ಅಷ್ಟೇ ವ್ಯತ್ಯಾಸ.

ಮಳೆಗಾಲದ ನಿಷೇಧ ಮುಗಿದು ದೋಣಿಗಳು ಹೊಸದಾಗಿ ಕಡಲಿಗೆ ಇಳಿದ ದಿನಗಳವು. ಮಾವನ ಕೇರಿಯ ಒಬ್ಬ ಮೀನುಗಾರ ಸಣ್ಣ ದೋಣಿಯಲ್ಲಿ ಒಬ್ಬನೇ ಬಲೆ ಬಿಡಲು ಹೋದವನು ಬರಲಿಲ್ಲ. ಅವನ ಹೆಂಡತಿ ನನ್ನ ಆಫೀಸಿನ ಕೆಳಗೇ ಮೀನು ಮಾರಲು ಕೂರುವವಳು. ಕಿಟಕಿಯಿಂದ ಬಗ್ಗಿದರೆ ಅವಳ ಛತ್ರಿ ಕಾಣುತ್ತಿತ್ತು. ಅವನ ಹೆಣ ಹಳದೀಪುರದ ಕಡೆಯ ಮರಳಿನ ಮೇಲೆ ಸಿಕ್ಕಿತು. ಕಂಡವರು ಗುರುತು ಹಿಡಿಯಲೆಂದು ಮೊಬೈಲಿನಲ್ಲಿ ಮುಖದ ಫೋಟೋ ತೆಗೆದು ಎಲ್ಲರಿಗೂ ಕಳಿಸಿದರು. ಅದು ಸುತ್ತಿ ಬಳಸಿ ನನ್ನ ಮೊಬೈಲಿಗೂ ಬಂತು. ಫೋಟೋದಲ್ಲಿ ಇನ್ನೂ ಬಿಸಿಲಿತ್ತು. ಒದ್ದೆ ಮರಳು ಹೊಳೆಯುತ್ತಿತ್ತು. ಅವನ ಬಾಯಿ ಸ್ವಲ್ಪ ತೆರೆದಿತ್ತು, ಏನೋ ಹೇಳಲು ಹೊರಟವನ ಹಾಗೆ. ಆ ಫೋಟೋವನ್ನು ಅಳಿಸಿಬಿಡಬೇಕು ಎಂದುಕೊಂಡೆ, ಕೈ ಬರಲಿಲ್ಲ.

ಮಾವನ ಹತ್ತಿರ ಅಂಥ ಫೋನ್ ಇರಲಿಲ್ಲ. ಅವನಿಗೆ ಸುದ್ದಿ ಮುಟ್ಟಿದ್ದು ಕತ್ತಲಾದ ಮೇಲೆ, ಜನ ಓಡಿ ಬಂದು ಹೇಳಿದಾಗ. ಕೇಳಿದ ಕೂಡಲೇ ಅವನು ಎದ್ದು, ವಾಯರ್ಲೆಸ್ ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡನಂತೆ. "ಅವನ ಕಾರ್ಯ ಮುಗಿಯೂ ತನಕ ಈ ಬಾಗ್ಲು ಯಾರೂ ತೆಗೆಯೂಕಿಲ್ಲ" ಎಂದನಂತೆ. ಯಾಕೆ ಎಂದು ಹೇಳಲಿಲ್ಲ. ಊರಿನವರು ಒಂದೆರಡು ಮಾತು ಗೊಣಗಿ, ಐಸ್ ಫ್ಯಾಕ್ಟರಿಯಲ್ಲಿ ಬೇರೊಂದು ಸೆಟ್ಟು ಇಟ್ಟುಕೊಂಡು ದಾರಿ ಹೇಳುವ ಕೆಲಸ ಸುಧಾರಿಸಿಕೊಂಡರು. ನಿಜ ಹೇಳಬೇಕೆಂದರೆ ಆ ಕೋಣೆಗೆ ಕಾಲಿಡಲು ಅವರಿಗೂ ಮನಸ್ಸಿರಲಿಲ್ಲ. ಗಡಿಬಿಡಿಯಲ್ಲಿ ಒಳಗಿನ ಸೆಟ್ಟನ್ನು ಮಾತ್ರ ಯಾರೂ ಬಂದ್ ಮಾಡಿರಲಿಲ್ಲ.

ಮಾವ ಊಟ ಬಿಟ್ಟಿದ್ದಾನೆ ಎಂದು ಅತ್ತೆ ಫೋನ್ ಮಾಡಿ ಅತ್ತಳು. ನಾನು ಹೋದೆ. ಅವನು ಮನೆಯಲ್ಲಿರಲಿಲ್ಲ. ದಕ್ಕೆಯ ಕಡೆ ಹುಡುಕಿಕೊಂಡು ಹೋದರೆ, ಬೀಗ ಹಾಕಿದ ಕೋಣೆಯ ಮೆಟ್ಟಿಲ ಮೇಲೆ ಗೋಡೆಗೆ ಕಿವಿ ಕೊಟ್ಟು ಕೂತಿದ್ದ. ಮಟಮಟ ಮಧ್ಯಾಹ್ನ, ದಕ್ಕೆಯಲ್ಲಿ ನಾಯಿಯೂ ಇರಲಿಲ್ಲ. ಕೋಣೆಯ ಒಳಗೆ ಜನ ಮಾತಾಡುತ್ತಿದ್ದರು. ನಗುತ್ತಿದ್ದರು, ಯಾರೋ ಯಾರಿಗೋ ಬೈಯುತ್ತಿದ್ದರು. ಕಡಲಿನ ಮೇಲಿನ ದೋಣಿಯವರ ಮಾತು ಸೆಟ್ಟಿನಿಂದ ಬರುತ್ತಿದೆ ಎಂದು ನನಗೆ ಗೊತ್ತು. ನಾನೇ ತಂತಿ ಎಳೆದ ಕೋಣೆ ಅದು. ಆದರೂ ಕೀಲಿ ಹಾಕಿದ ಖಾಲಿ ಕೋಣೆಯೊಳಗಿನ ಆ ನಗು ಕೇಳಿ, ಮಾವನ ಪಕ್ಕ ಕೂರುವ ಬದಲು ಒಂದು ಮೆಟ್ಟಿಲು ಕೆಳಗೆ ಕೂತೆ.

"ಅವ ಕರ್ದಿದ್ದ" ಎಂದ ಮಾವ.

"ಯಾರು?"

"ಅವನೇ. ಮಾವಾ ಅಂದ. ಒಂದೇ ಸಲ."

ಹೆಣ ಸಿಕ್ಕಿದ ದಿನ ಸಂಜೆ, ಸೆಟ್ಟಿನ ಮುಂದೆ ಕೂತಿದ್ದ ಮಾವನಿಗೆ ಜೊಂಪು ಹತ್ತಿತ್ತಂತೆ. ಮೋಡ ಕವಿದಿತ್ತು. ಹೊತ್ತು ಮುಳುಗಿತ್ತೋ ಇಲ್ಲವೋ ಅವನಿಗೆ ಗೊತ್ತಿಲ್ಲ. ಸೆಟ್ಟಿನಿಂದ ಒಂದು ಕೂಗು ಬಂತು. ಹುಟ್ಟಿದಾಗಿನಿಂದ ರೂಢಿಯಾದ ಹಾಗೆ ಎರಡನೆಯ ಕೂಗಿಗೆ ಕಾದ. ಅದು ಬರಲೇ ಇಲ್ಲ. ಸೆಟ್ಟಿನಲ್ಲಿ ಕೂತು ಅಷ್ಟು ವರ್ಷವಾದರೂ, ಕರೆದ ಕೂಡಲೇ ಓ ಎನ್ನುವುದು ಅವನಿಗೆ ಹಗಲಿನ ಅಭ್ಯಾಸ ಮಾತ್ರ. ಸಂಜೆ ಕರೆಯುವ ದೋಣಿಯವರಿಗೂ ಅದು ಗೊತ್ತು, ಅವರು ಎರಡೆರಡು ಸಲವೇ ಕರೆಯುತ್ತಿದ್ದರು. ಹೊರಗಿನವರು ಕೇಳಿದರೆ ಹುಚ್ಚು ಎಂದಾರು. ನಮ್ಮವರಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದೂ ಇಲ್ಲ, ತಪ್ಪುವುದೂ ಇಲ್ಲ.

"ಅವ ಮುಳುಗ್ತಾ ಇದ್ದ್ಕಂಡು ಕರ್ದದ್ದಾರೆ ಅವ್ನ ಕೊಂದವ ನಾನು" ಎಂದ ಮಾವ. ದನಿ ಎತ್ತಲಿಲ್ಲ. "ನಿನ್ನ ಪೆಟ್ಟಿಗೆಲ್ಲಿ ಅದು ಇರ್ತದ್ಯಾ?"

ಇರುತ್ತದೆ, ಕೀಲಿ ಕೊಡು, ಈಗಲೇ ತೆಗೆದು ನೋಡುತ್ತೇನೆ ಎಂದೆ. ಅವನು ತಲೆ ಅಲ್ಲಾಡಿಸಿದ. ಬಾಗಿಲು ತೆಗೆಯುವ ಹಾಗಿಲ್ಲ. ಒಳಗೆ ಎಂತ ಇದೆಯೋ ಯಾರಿಗೆ ಗೊತ್ತು ಎಂದ. ಕಾರ್ಯ ಮುಗಿಯುವ ತನಕ ಕಾದರೆ ಹೊಸ ಮಾತು ಬಿದ್ದು ಆ ಕೂಗು ಅಳಿದುಹೋಗುತ್ತದೆ ಎಂದು ನಾನು ಬಿಡಿಸಿ ಹೇಳಿದೆ. ಒಳಗೆ ಯಾರೋ ಮತ್ತೆ ನಕ್ಕರು. ಮಾವ ಸ್ವಲ್ಪ ಯೋಚಿಸಿ ನನ್ನ ಮುಖ ನೋಡಿದ.

"ನೀನು ಬಾಗ್ಲು ತೆಗೀದೇ ಒಳಗೆ ಹೋಗೂದಲ್ವ? ಹಂಗೇ ಹೋಗಿ ಬಾ."

ನನ್ನ ಕೆಲಸವನ್ನು ಅಷ್ಟು ಸರಿಯಾಗಿ ಬೇರೆ ಯಾರೂ ಹೇಳಿರಲಿಲ್ಲ. ಹೋಗಿ ಬರುತ್ತೇನೆ ಎಂದೆ. ಆ ಕೂಗು ಎಷ್ಟು ಹೊತ್ತಿಗೆ ಬಂತು ಎಂದು ಗೊತ್ತಾದರೆ ಸಾಕಿತ್ತು. ಹೆಣ ಸಿಕ್ಕಿದ ಫೋಟೋದ ಹೊತ್ತು ನನ್ನ ಮೊಬೈಲಿನಲ್ಲೇ ಇತ್ತು. ಕೂಗು ಅದಕ್ಕಿಂತ ಮೊದಲೋ ಆಮೇಲೋ, ಇಷ್ಟೇ ಪ್ರಶ್ನೆ. ಮಾವ ಬದುಕುವುದು ಸಾಯುವುದು ಅದರ ಮೇಲೆ ನಿಂತಿತ್ತು.

ಕುಮಟಾಕ್ಕೆ ಬಂದವಳೇ ಇಪ್ಪತ್ತೆರಡನೆಯ ಬಾಗಿಲು ತಟ್ಟಿದೆ. ಉತ್ತರವಿಲ್ಲ. ಮತ್ತೆ ತಟ್ಟಿದೆ. ಇಲ್ಲ. ತಪ್ಪು ನನ್ನ ಲೈನಿನದೇ ಇರಬಹುದು ಎಂದು ಮೊಬೈಲಿನ ಇಂಟರ್ನೆಟ್ಟಿನಿಂದ ಪ್ರಯತ್ನಿಸಿದೆ. ಅಲ್ಲೂ ಅದೇ ಮೌನ. ಯಂತ್ರಕ್ಕೆ ಜೀವ ಇದೆಯೇ ಎಂದು ಸುಮ್ಮನೆ ಮೈ ಮುಟ್ಟಿ ನೋಡುವ ಒಂದು ವಿಧಾನ ಇದೆ. ಹಾಗೆ ನೋಡಿದರೆ ಜೀವ ಇತ್ತು, ಚುರುಕಾಗಿಯೇ ಇತ್ತು. ವೆಬ್ಬಿನವರಿಗೆಂದು ಇಟ್ಟ ನಾನೂರ ನಲವತ್ತಮೂರನೆಯ ಬಾಗಿಲು ತಟ್ಟಿದೆ. 'ಇಲ್ಲ, ಹೋಗು' ಎಂಬ ಉತ್ತರ ತಕ್ಷಣ ಬಂತು. ಅಂದರೆ ಒಳಗೆ ಜನ ಇದ್ದಾರೆ. ಆ ಬಾಗಿಲಲ್ಲಿ ಕೂಗಿದ್ದು ಕೇಳುತ್ತದೆ, ಈ ಬಾಗಿಲಲ್ಲಿ ಕೂಗಿದ್ದು ಕೇಳುವುದಿಲ್ಲ. ಇದು ಮಾವನ ಹಠದ ಹಾಗೆಯೇ ಇತ್ತು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಆ ಕೋಣೆಗೆ ಇಂಟರ್ನೆಟ್ ಬರುವುದು ಭಟ್ಕಳದ ಕಡೆಯಿಂದ. ಅಲ್ಲಿ ಲೈನು ನೋಡಿಕೊಳ್ಳುವವನಿಗೆ ಫೋನ್ ಹಚ್ಚಿದೆ. ಅವನ ಮನೆಮಾತು ಭಟ್ಕಳದ ಮುಸ್ಲಿಮರು ಆಡುವ ನವಾಯತಿ. ಕನ್ನಡ ಆಡುವಾಗ ಮರ್ಯಾದೆ ಒಂದು ತೂಕ ಜಾಸ್ತಿಯೇ.

"ಏನ್ ಮಾಡ್ಲಿ ಮೇಡಂ, ಮೇಲಿಂದ ಹುಕುಂ" ಎಂದ. "ಹೊಸ ಮಷಿನ್ ಕೂರಿಸಿದಾರೆ. ಮಾಮೂಲಿ ಪೋರ್ಟ್ ಎಲ್ಲಾ ಬಂದ್. ವೆಬ್ ಒಂದೇ ಖುಲ್ಲಾ. ಅರ್ಜಿ ಕೊಡಿ, ನೋಡ್ತಾರೆ."

ದೇವರು ವರ ಕೊಟ್ಟರೂ ಪೂಜಾರಿ ಕೊಡ. ನನಗೆ ಸಿಟ್ಟು ನೆತ್ತಿಗೇರಿತು. ನೀವು ನೋಡುವಷ್ಟರಲ್ಲಿ ನನ್ನ ಕೆಲಸ ಮಣ್ಣಾಗಿರುತ್ತದೆ, ಇಲ್ಲಿ ಒಬ್ಬ ಸತ್ತಿದ್ದಾನೆ, ಇನ್ನೊಬ್ಬ ಅನ್ನ ಬಿಟ್ಟಿದ್ದಾನೆ ಎಂದು ಕೂಗಿದೆ. ಯಾರಾದರೂ ತೀರಿಕೊಂಡರೆ ಅವರಲ್ಲಿ ಹೇಳುವ ಮಾತನ್ನು ಅವನು ಮೆಲ್ಲಗೆ ಹೇಳಿದ. ಅವನ ಪಾಡಿಗೆ ಅವನು ಹೇಳಿಕೊಂಡದ್ದು. ನನ್ನ ಸಿಟ್ಟು ಇಳಿಯಿತು.

"ತಡೆ ಇರೋದು ಹೊರಗಿಂದ ಒಳಗೆ ಬರೋದಕ್ಕೆ ಮೇಡಂ" ಎಂದ. "ಒಳಗಿಂದ ಅದಾಗಿ ಅದು ಹೊರಗೆ ಬಂದ್ರೆ ಯಾರೂ ಕೇಳೋದಿಲ್ಲ."

ಅದು ನನಗೆ ಗೊತ್ತಿಲ್ಲದ ಸಂಗತಿಯಲ್ಲ, ಗಾಬರಿಯಲ್ಲಿ ಮರೆತಿದ್ದೆ. ನನ್ನ ಎಲ್ಲ ಪೆಟ್ಟಿಗೆಗಳೂ ಆಗಾಗ ವೆಬ್ಬಿನ ಬಾಗಿಲಿನಿಂದ ಹೊರಗೆ ಬಂದು, ನನ್ನ ಯಂತ್ರದ ಹತ್ತಿರ ಹೊಸ ಕೆಲಸ ಏನಾದರೂ ಉಂಟೋ ಎಂದು ಕೇಳಿ ಹೋಗುತ್ತವೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಮಾವನ ಕೋಣೆಯ ಪೆಟ್ಟಿಗೆ ಬಂದಾಗ ಅದರ ಕೈಗೆ ಸಿಗುವ ಹಾಗೆ ಒಂದು ಮಾತು ಬರೆದಿಟ್ಟೆ. ನಾನು ಕರೆದರೆ ನಿನಗೆ ಕೇಳುವುದಿಲ್ಲ, ವೆಬ್ಬಿನ ಬಾಗಿಲಿನಿಂದ ನೀನೇ ನನ್ನನ್ನು ಕರೆ, ಆ ಎಳೆ ಹಿಡಿದು ನಾನು ಒಳಗೆ ಬರುತ್ತೇನೆ. ಬರೆದಿಟ್ಟು ಕಾಯುತ್ತ ಕೂತೆ.

ಕಾಯುವ ಕೆಲಸ ನನಗೆ ಒಗ್ಗುವುದಿಲ್ಲ. ಚಹಾ ತರಿಸಿ ಕುಡಿಯದೆ ಬಿಟ್ಟೆ. ಕೆಳಗೆ ಮಾರ್ಕೆಟ್ಟು ಎದ್ದು ಹೋಗುತ್ತಿತ್ತು. ನೀರು ಸುರಿದು ಕಲ್ಲು ತೊಳೆಯುವ ಸದ್ದು. ಕಿಟಕಿಯಿಂದ ಬಗ್ಗಿದರೆ ಸತ್ತವನ ಹೆಂಡತಿ ಕೂರುವ ಜಾಗದಲ್ಲಿ ಬೇರೆ ಯಾರೂ ಕೂತಿರಲಿಲ್ಲ. ಅಷ್ಟು ಜಾಗ ಬಿಟ್ಟು ಅಕ್ಕಪಕ್ಕದವರು ಒತ್ತಿಕೊಂಡು ಕೂತಿದ್ದರು. ಬೆಳಕು ಕೆಂಪಾಗುತ್ತ ಬಂತು. ಆ ಪೆಟ್ಟಿಗೆ ನನ್ನನ್ನು ಕರೆಯುವುದು ಸರಿಯಾಗಿ ಹೊತ್ತು ಮುಳುಗುವಾಗಲೇ ಆಗಿಬಿಟ್ಟರೆ ಎಂಬ ಯೋಚನೆ ಬಂದು, ಇಂಥ ಯೋಚನೆ ನನಗೆ ಬಂತಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು.

ಅದು ಆಗಲೇ ಕರೆಯಿತು.

ಪರದೆಯ ಮೇಲೆ ಒಂದು ಸಾಲು ಮೂಡಿತು, ಎಳೆ ಸಿಕ್ಕಿತು. ಅದನ್ನು ಹಿಡಿದು ಒಳಗೆ ಹೊರಟೆ. ಅಷ್ಟರಲ್ಲಿ ಎಸ್ಎಸ್ಎಚ್ ತಾನು ಯಾವಾಗಲೂ ಕೇಳುವ ಪ್ರಶ್ನೆ ಕೇಳಿತು. ಹೊಸ ದಾರಿಯಿಂದ ಹೋದಾಗಲೆಲ್ಲ ಅದು ಕೇಳುತ್ತದೆ, ನಾನು ಓದದೆ ಒತ್ತಿಬಿಡುತ್ತೇನೆ. ಅವತ್ತು ಓದಿದೆ. ಆ ಕಡೆ ಇರುವುದು ನಿಜಕ್ಕೂ ತಾನು ಹೇಳಿಕೊಳ್ಳುವ ಯಂತ್ರವೇ ಎಂದು ಖಾತ್ರಿ ಮಾಡಿಕೊಳ್ಳಲು ಆಗುತ್ತಿಲ್ಲ, ಆದರೂ ಮುಂದೆ ಹೋಗುವುದೇ, ಹೌದೋ ಅಲ್ಲವೋ? ಕೆಳಗೆ ಅದರ ಬೆರಳಚ್ಚು ಎಂದು ಒಂದು ಉದ್ದ ಸಾಲು. ನಾನು ಹಳೆಯದನ್ನು ಹುಡುಕಿ ತೆಗೆದು, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ತಾಳೆ ನೋಡಿದೆ. ಎಲ್ಲ ಸರಿ ಇತ್ತು. ಅದೇ ಪೆಟ್ಟಿಗೆ. ಹಾಗಿದ್ದೂ ಹೌದು ಎಂದು ಒತ್ತಲು ನನಗೆ ಧೈರ್ಯ ಸಾಲಲಿಲ್ಲ. ಎದ್ದು ದೀಪ ಹಾಕಿ ಬಂದು ಒತ್ತಿದೆ.

ಒಳಗೆ ಹೋದ ಮೇಲೆ ಹುಡುಕುವುದು ಕಷ್ಟವಾಗಲಿಲ್ಲ. ಹೆಣ ಸಿಕ್ಕಿದ ದಿನದ ಬಹುಪಾಲು ಮಾತು ಆಗಲೇ ಅಳಿದಿತ್ತು, ಸಂಜೆಯದ್ದು ಮಾತ್ರ ಉಳಿದಿತ್ತು. ಒಂದು ಚಿಕ್ಕ ತುಣುಕು. ಕೇಳುವ ಮೊದಲು ಅದರ ಹೊತ್ತು ನೋಡಿದೆ. ಹೆಣದ ಫೋಟೋ ತೆಗೆದ ಎಷ್ಟೋ ಹೊತ್ತಿನ ಮೇಲೆ ಬಂದ ಕೂಗು ಅದು.

ಪೆಟ್ಟಿಗೆಯ ಗಡಿಯಾರ ತಪ್ಪಿರಬೇಕು ಎಂದುಕೊಂಡೆ. ಹೊರಗಿನ ಗಡಿಯಾರ ನೋಡಿ ಹೊತ್ತು ಸರಿಮಾಡಿಕೊಳ್ಳುವ ಬಾಗಿಲೂ ಮಾಮೂಲಿ ಬಾಗಿಲುಗಳ ಜೊತೆ ಬಂದ್ ಆಗಿರಬಹುದು. ದಿನಗಟ್ಟಲೆ ಹಾಗೆ ಬಿಟ್ಟರೆ ಗಡಿಯಾರ ಹಿಂದೆ ಮುಂದೆ ಆಗುವುದುಂಟು. ಬಹಳ ಆಸೆಯಿಂದ ನೋಡಿದೆ. ಉಗುಳು ನುಂಗುವಷ್ಟು ಹೊತ್ತಿನ ವ್ಯತ್ಯಾಸವೂ ಇರಲಿಲ್ಲ. ಸತ್ತವನ ಕೈಸೆಟ್ಟು ಯಾರಿಗಾದರೂ ಸಿಕ್ಕಿ ಅವರು ಕರೆದಿರಬಹುದೇ ಎಂದರೆ, ಅದು ಮರುದಿನ ಮಗುಚಿದ ದೋಣಿಯ ಮೂತಿಯಲ್ಲಿ ಪ್ಲಾಸ್ಟಿಕ್ ಕೊಟ್ಟೆಯೊಳಗೆ ಗಂಟು ಬಿಚ್ಚದೆ ಸಿಕ್ಕಿತ್ತು. ಬೇರೆ ದೋಣಿಯವರು ಯಾರೋ ಕರೆದಿರಬಹುದು. ನಮ್ಮ ಮಾವ ಎಲ್ಲರಿಗೂ ಮಾವನೇ ತಾನೆ? ಇರಬಹುದು. ನಾನು ಇವತ್ತಿಗೂ ಹಗಲು ಹೊತ್ತಿನಲ್ಲಿ ಹಾಗೆಯೇ ನಂಬುತ್ತೇನೆ.

ತುಣುಕನ್ನು ಕೇಳಿದೆ. ಮೊದಲು ಸೆಟ್ಟಿನ ಗೊರಗೊರ. ಆಮೇಲೆ "ಮಾವಾ" ಎಂಬ ಒಂದು ಕೂಗು. ಗಾಬರಿಯ ಕೂಗಲ್ಲ. ದಣಿದು ಮನೆಗೆ ಬಂದವನು ಅಂಗಳದಿಂದ ಕರೆದ ಹಾಗೆ ಇತ್ತು. ಮತ್ತೆ ಗೊರಗೊರ. ಮುಗಿಯಿತು ಎಂದುಕೊಂಡು ಕೈ ಚಾಚುವಾಗ ಇನ್ನೊಂದು ದನಿ ಬಂತು. ಬಹಳ ಹತ್ತಿರದ್ದು, ನಿದ್ದೆಗಣ್ಣಿನದ್ದು.

"ಓ."

ಮಾವನ ದನಿ. ಜೊಂಪಿನಲ್ಲೇ ಗುಂಡಿ ಒತ್ತಿ ಓಗೊಟ್ಟಿದ್ದಾನೆ, ಅದು ಅವನಿಗೆ ನೆನಪಿಲ್ಲ. ಸತ್ತವನ ಮೊದಲ ಕೂಗಿಗೆ, ಹೊತ್ತು ಮುಳುಗುವಾಗ. ಜನ್ಮವಿಡೀ ಗೇಲಿ ಮಾಡಿದವಳು ನಾನು, ಕುರ್ಚಿಯಲ್ಲಿ ಕಾಲು ಮೇಲೆತ್ತಿಕೊಂಡು ಕೂತೆ.

ಮರುದಿನ ಹೊನ್ನಾವರದ ಬಸ್ಸು ಹತ್ತುವಷ್ಟರಲ್ಲಿ ತೀರ್ಮಾನ ಮಾಡಿಯಾಗಿತ್ತು. ಮಾವನಿಗೆ ಕೂಗಿನ ಹೊತ್ತು ಮಾತ್ರ ಹೇಳುವುದು, ಓ ಅಂದದ್ದನ್ನು ಕೇಳಿಸುವುದು ಬೇಡ. ತಾನು ಕೊಲ್ಲಲಿಲ್ಲ ಎಂದು ಗೊತ್ತಾದರೆ ಉಣ್ಣುತ್ತಾನೆ. ಓಗೊಟ್ಟದ್ದು ಗೊತ್ತಾದರೆ ಇನ್ನು ತನ್ನ ಸರದಿ ಎಂದು ಹಾಸಿಗೆ ಹಿಡಿಯುತ್ತಾನೆ. ಇದರಲ್ಲಿ ನನಗೆ ಸಂಶಯ ಇರಲಿಲ್ಲ. ತುಣುಕಿನ ಬಾಲ ಕತ್ತರಿಸಿ ಮೊಬೈಲಿಗೆ ಹಾಕಿಕೊಳ್ಳಬೇಕು ಎಂದುಕೊಂಡಿದ್ದೆ. ಕತ್ತರಿಸಲು ಮತ್ತೆ ಅದನ್ನು ಕೇಳಬೇಕಾಗುತ್ತಿತ್ತು. ಆಗಲಿಲ್ಲ, ಇಡಿಯಾಗಿಯೇ ಹಾಕಿಕೊಂಡು ಹೋದೆ.

ಮಾವ ಅದೇ ಮೆಟ್ಟಿಲ ಮೇಲೆ ಇದ್ದ. ನಾನು ಹೊತ್ತಿನ ಸಂಗತಿ ಬಿಡಿಸಿ ಹೇಳಿದೆ. ಕೂಗು ಬರುವಾಗ ಅವನು ಸತ್ತು ಮರಳಿನ ಮೇಲೆ ಇದ್ದ, ಜನ ಸುತ್ತ ನಿಂತಿದ್ದರು, ನಿನ್ನಿಂದ ಏನೂ ಆಗಲಿಲ್ಲ, ಇನ್ನು ಏಳು, ಊಟ ಮಾಡು ಎಂದೆ. ಅವನು ಕೇಳಿದ. ಅವನ ಮುಖದಲ್ಲಿ ನಾನು ಕಾದಿದ್ದ ನಿರಾಳ ಬರಲಿಲ್ಲ. ಇದ್ದ ಬಣ್ಣವೂ ಹೋಯಿತು.

"ಹಂಗಾರೆ ಸತ್ತ ಮೇಲೆ ಕರ್ದ" ಎಂದ. "ಬದುಕಿದ್ದಾಗ ಕರ್ದಿದ್ರೆ ಈ ಮಂಡಿ ಕಟ್ಕಂಡು ನಾ ಎಂತ ಮಾಡೂಕೆ ಆಗ್ತಿತ್ತು? ಸತ್ತವ ಕರ್ದದ್ದು ದಾರಿ ಕೇಳೂಕೆ. ಅದೊಂದು ನಂಗೆ ಹೇಳೂಕೆ ಆಗ್ತಿತ್ತು. ಅದಕ್ಕೂ ನಾ ಬಾಯಿ ಬಿಡ್ಲಿಲ್ಲ."

ಅಷ್ಟು ಹೇಳಿ ಗೋಡೆಗೆ ತಲೆ ಇಟ್ಟು ಅತ್ತ. ಮಾವ ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಮುದುಕರು ಅಳುವುದನ್ನು ನೋಡಬಾರದು, ನಮ್ಮ ಹಿಂದಿನ ಗೋಡೆಯೇ ಬಿದ್ದ ಹಾಗಾಗುತ್ತದೆ. ಬಸ್ಸಿನಲ್ಲಿ ಮಾಡಿದ ತೀರ್ಮಾನವೆಲ್ಲ ಅಲ್ಲೇ ಕರಗಿಹೋಯಿತು. ಮೊಬೈಲು ತೆಗೆದು ಅವನ ಕಿವಿಗೆ ಹಿಡಿದೆ.

ಅವನು ಕೇಳಿದ. ಕೂಗು ಬಂದಾಗ ಕಣ್ಣು ಮುಚ್ಚಿದ. ಓ ಎಂಬುದು ಬಂದಾಗ ಕಣ್ಣು ಬಿಟ್ಟ.

"ಅದ್ಯಾರು?"

"ನೀನೇ ಮಾವ."

"ಇನ್ನೊಂದ್ಸಲ ಹಾಕು."

ಹಾಕಿದೆ. ಅವನು ಪಂಚೆಯ ತುದಿಯಿಂದ ಮುಖ ಒರೆಸಿಕೊಂಡು, ಗೋಡೆ ಹಿಡಿದು ಎದ್ದು ನಿಂತ. ಉಡಿದಾರಕ್ಕೆ ಕೈ ಹಾಕಿ ಕೀಲಿ ಬಿಚ್ಚತೊಡಗಿದ. ಆಗಲೇ ಸಂಜೆಯಾಗಿತ್ತು. ಅಳಿವೆಯ ಕಡೆ ಬೆಳಕು ನೀರಿಗಿಳಿಯುತ್ತಿತ್ತು. ನಾನು ಅವನ ಕೈ ಹಿಡಿದುಕೊಂಡೆ.

"ಎಂತ ಮಾಡ್ತ್ಯಾ ಮಾವ? ಬೇಡ. ಕಾರ್ಯ ಮುಗೀಲಿ."

"ನಾ ಓ ಅಂದಿದ್ದೆ ಮಾರಾಯ್ತಿ" ಎಂದ. ಅವನ ಮುಖದಲ್ಲಿ ಭಯ ಹುಡುಕಿದೆ, ಇರಲಿಲ್ಲ. "ಓ ಅಂದವ ಮುಂದಿಂದು ಹೇಳ್ಬೇಕಲ್ಲ? ಓ ಅಂದ ಅಂದ್ಕಂಡು ಅವ ಅಳ್ವೆ ಬಾಯಿಲಿ ಕಾಯ್ತಾ ನಿಂತಿದ್ದ. ಎಷ್ಟು ದಿವ್ಸ ಕಾಯ್ಸೂದೆ ಅವನ್ನ?"

ನನ್ನ ಕೈ ಬಿಡಿಸಿ ಬೀಗ ತೆಗೆದ. ಒಳಗಿನಿಂದ ಹಳಸು ವಾಸನೆ, ಬಿಸಿಯಾದ ತಂತಿಯ ವಾಸನೆ ಒಟ್ಟಿಗೆ ಬಂತು. ದೋಣಿಯವರು ಯಾರೋ ಸೆಟ್ಟಿನಲ್ಲಿ ಬಂಗಡೆಯ ಮಾತಾಡುತ್ತಿದ್ದರು. ಮಾವ ಹೋಗಿ ತನ್ನ ಕುರ್ಚಿಯಲ್ಲಿ ಕೂತ. ದೀಪ ಹಾಕಲಿಲ್ಲ. ಮೈಕು ಎತ್ತಿ ಗುಂಡಿ ಒತ್ತಿ, "ಓ, ಕೇಳ್ತಿದೆ" ಎಂದ. ಬಂಗಡೆಯ ಮಾತು ನಿಂತುಹೋಯಿತು. ಮಾವನ ದನಿ ಕೇಳಿ ಎಷ್ಟೋ ದಿನವಾಗಿತ್ತು ಅವರಿಗೆ. ನಾನು ಹೊಸ್ತಿಲ ಮೇಲೆ ನಿಂತಿದ್ದೆ. ಒಳಗೆ ಕಾಲಿಡುವ ಧೈರ್ಯ ಆಗಲಿಲ್ಲ.

"ದೀಪ ಬಲಕ್ಕೆ ಇಟ್ಕಾ" ಎಂದ ಮಾವ. ದಿನಾ ಹೇಳುವ ದನಿಯಲ್ಲೇ ಹೇಳಿದ. "ಸೀದಾ ನುಗ್ಬೇಡ, ದಿಬ್ಬ ತೆಂಕಕ್ಕೆ ಸರ್ದಿದೆ. ದೊಡ್ಡ ತೆರೆ ಹೋಗೂಕೆ ಬಿಡು. ಅವಸರ ಎಂತದೂ ಇಲ್ಲ. ಕಡಿಗೆ ನೀರು ಸಮ ಆಗ್ತದೆ. ಆವಾಗ ಒಳಗೆ ಬಾ. ನಾ ಇಲ್ಲೇ ಇರ್ತೆ."

ಗುಂಡಿ ಬಿಟ್ಟ. ಸೆಟ್ಟು ಗೊರಗೊರ ಎನ್ನುತ್ತಿತ್ತು, ಕಡಲಿನ ಮೇಲೆ ಯಾರೂ ಮಾತಾಡಲಿಲ್ಲ. ಮಾವ ಮೈಕು ಹಿಡಿದುಕೊಂಡೇ ಕೂತಿದ್ದ. ದೋಣಿ ಅಳಿವೆಯಿಂದ ದಕ್ಕೆಗೆ ಬರಲು ಬೇಕಾಗುವಷ್ಟು ಹೊತ್ತು ಕಾದ. ಆಮೇಲೆ ತಲೆ ಎತ್ತಿ ಬಾಗಿಲಿನ ಕಡೆ ನೋಡಿ, "ಬಂದ್ಯಾ?" ಎಂದು ಕೇಳಿದ.

ಅವನು ನೋಡಿದ್ದು ನನ್ನನ್ನಲ್ಲ. ನಾನು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದು ನಿಂತೆ.